‘ಆಯ್ತು’ ಅಂದರೆ ಏನಾಯ್ತು?

ಮೊನ್ನೆ ಒಲೆಯ ಮೇಲೆ ಹಾಲು ಒಡೆಯಿತು. ಆ ಹುಳಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಮ್ಮ ಸೂಪರ್‌ವೈಸರ್ ಕಣ್ಣ ಮುಂದೆ ಬಂದು ನಿಂತರು…

ನಾನು ಓದಿದ್ದು ಆರನೇ ಕ್ಲಾಸು. ಆದರೆ ಟ್ಯಾಂಕರ್ ಓಡಿಸಿದಷ್ಟು ಕಾಲ ನನ್ನ ಗಾಡಿಯಲ್ಲಿ ಹಾಲು ಕೆಟ್ಟಿದ್ದಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅದೊಂದು ಖಾಸಗಿ ಹಾಲಿನ ಕಂಪನಿ. ಮೂಗೂರು ಕಡೆಯ ಹಾಲನ್ನು ಟಿ. ನರಸೀಪುರದಲ್ಲಿ ತಂಪು ಮಾಡಿ ಇಡುವ ಕೇಂದ್ರ ಈ ಸೂಪರ್‌ವೈಸರ್ ಕೈಯಲ್ಲಿತ್ತು. ನಾನು ನಂಜನಗೂಡಿನ ಶೆಡ್ಡಿನಿಂದ ಹೋಗಿ ತುಂಬಿಕೊಂಡು ಬರಬೇಕು. ತೊಂಬತ್ತರ ದಶಕದಲ್ಲಿ ಎಲ್ಲ ಫೋನಿನಲ್ಲೇ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಕಡೆ ಏನು ಹೇಳಿದರೂ ‘ಆಯ್ತು’ ಅನ್ನುವುದು ರೂಢಿ. ಗಾಡಿ ಹೊರಟಿತೇ ಎಂದು ಕೇಳಿದಾಗಲೂ ಅದೇ ಉತ್ತರ ಬಂದರೆ ಉರಿದುಬೀಳುತ್ತಿದ್ದರು.

“ಒಂಟ್ಯೇನ್ಲಾ?”

“ಆಯ್ತು ಸಾ.”

“ಏನ್ಲಾ ಆಯ್ತು? ಒಂಟಿದ್ದಾಯ್ತೋ, ಇನ್ಮೇಲೆ ಒಂಟೀಯೋ? ಕೋಲೆಬಸವನಂಗೆ ತಲೆ ಆಡುಸ್ಬೇಡ ಕಣ್ಲಾ!”

ನೆಟ್ಟಗೆ ಉತ್ತರ ಬಾರದಿದ್ದರೆ ಬೇರೆ ಗಾಡಿ ಗೊತ್ತು ಮಾಡಿ, ಹಳ್ಳಿಗಳಿಗೆ ಹಾಲು ತಡೆಯಿರೆಂದು ಹೇಳಿಕಳಿಸಿ… ಆಮೇಲೆಯೇ ಕೂರುತ್ತಿದ್ದರು.

ಎರಡು ಸಾವಿರದ ಈಚೆಗೆ ಕಂಪ್ಯೂಟರ್ ಬಂತು. ತಾನೇ ಶೆಡ್ಡಿಗೆ ಸುದ್ದಿ ಕಳಿಸುತ್ತದೆ, ಪರದೆಯ ಮೇಲೆ ಹಸಿರಲ್ಲಿ ತೋರಿಸುತ್ತದೆ: ಆಯ್ತು.

“ಎಲ್ಲಾ ಅದೇ ನೋಡ್ಕೊಳ್ಳತ್ತೆ ಕಣ್ರೀ, ಇನ್ನು ನಿಮ್ಮ ಕೂಗಾಟ ಸಾಕು,” ಎಂದು ಮ್ಯಾನೇಜರ್ ನಗುತ್ತಾ ಎರಡೂ ಕಡೆಯ ಫೋನ್ ಕೀಳಿಸಿದರು.

ಒಂದು ಬೇಸಿಗೆ ತಂಪಿನ ಯಂತ್ರ ಕೆಟ್ಟಿತು. ಟ್ಯಾಂಕರ್ ಬೇಕೆಂದು ಕಂಪ್ಯೂಟರ್ ಶೆಡ್ಡಿಗೆ ಕೇಳಿತು, ‘ಆಯ್ತು’ ಅಂದಿತು. ಆಗಿದ್ದು ಕೇಳಿದ್ದಷ್ಟೇ, ನಡುವೆ ಲೈನು ಹೋಗಿ ಸುದ್ದಿ ನನಗೆ ಮುಟ್ಟಲೇ ಇಲ್ಲ. ಆ ‘ಆಯ್ತು’ ನಂಬಿ ಅವರು ಹಾಲು ತಡೆಸಲಿಲ್ಲ, ಹಳ್ಳಿಗಳಿಂದ ಬರುತ್ತಲೇ ಇತ್ತು. ನಾನು ತೊಳೆದ ಖಾಲಿ ಟ್ಯಾಂಕರಿನ ಪಕ್ಕ ಕಾಯುತ್ತಾ ಕೂತಿದ್ದೆ. ಕೊನೆಗೆ ಅವರೇ ಬಸ್ಸು ಹತ್ತಿ ನಂಜನಗೂಡಿಗೆ ಬಂದರು.

“ಇಲ್ಲೇ ಇದ್ದೀಯೇನ್ಲಾ…”

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾವು ಹೋಗಿ ಸೇರುವ ಹೊತ್ತಿಗೆ ಹಾಲೆಲ್ಲ ಒಡೆದಿತ್ತು. ಚರಂಡಿಗೆ ಬಿಡುವಾಗ ಹಳ್ಳಿಯವರ ಎದುರು ನಲ್ಲಿ ತಿರುಗಿಸಿದವರು ಅವರೇ.

ವಿಚಾರಣೆಯಲ್ಲಿ ಯಂತ್ರದ ತಪ್ಪು ಸಿಗಲಿಲ್ಲ. ಆಯ್ತು ಅಂತ ತೋರಿಸಿತ್ತಲ್ಲ. ಕೇಂದ್ರ ಬಿಟ್ಟು ಬಸ್ಸು ಹತ್ತಿದರು ಎಂದು ಅವರನ್ನೇ ಕೆಲಸದಿಂದ ತೆಗೆದರು. ನನ್ನನ್ನೇ ಕರೆಯಲು ಬಂದದ್ದು ಎಂದು ನಾನು ಎಷ್ಟು ಹೇಳಿದರೂ, ಡ್ರೈವರ್ ಮಾತು ಯಾರಿಗೆ ಬೇಕು? ಆಮೇಲೆ ಅವರು ಯಾರ ಜೊತೆಯೂ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ…

ಅವರು ತೀರಿಹೋಗಿ ವರ್ಷಗಳಾದವು. ಈಗಲೂ ಮೂಗೂರಿನಲ್ಲಿ ಅವರ ಮಾತು ಬಂದರೆ, “ಊರ ಆಲ್ನೆಲ್ಲಾ ಚರಂಡಿಗೆ ಬುಟ್ನಲ್ಲಾ, ಅವ್ನಾ?” ಅನ್ನುತ್ತಾರೆ. ತಪ್ಪು ಅವರದಲ್ಲ ಅನ್ನಲು ಉಳಿದಿರುವವನು ನಾನೊಬ್ಬ. ಹೇಳುತ್ತೇನೆ. ಯಾರೂ ನಂಬುವುದಿಲ್ಲ.