ಫ್ಲಾಪಿಗೂ ಮೊಳಕೆ ಪರೀಕ್ಷೆ ಮಾಡಿದ ಯಮನೂರಪ್ಪನವರು

ರಾಯಚೂರು ಸೀಮೆಯಲ್ಲಿ ಬೀಜವನ್ನು ಆರಿಸಿ ನೋಡಿದವರು ಬಹಳ ಮಂದಿ. ಬೀಜದ ಮೇಲೆ ಬಂದ ಅನುಮಾನವನ್ನೂ ಕಾಳಿನಂತೆ ಹರಡಿಕೊಂಡು ಆರಿಸಿ ನೋಡಿದವರು ಮಾನ್ಯ ಯಮನೂರಪ್ಪನವರೊಬ್ಬರೇ. ನಮ್ಮ ಬೀಜ ಬೆಳೆಗಾರರ ಸಂಘದಲ್ಲಿ ಹದಿನೆಂಟು ವರ್ಷ ನಮೂನೆ ಪರೀಕ್ಷಕರಾಗಿ ದುಡಿದು, ಈ ೧೯೮೯ರ ಡಿಸೆಂಬರಿಗೆ ನಿವೃತ್ತರಾಗುತ್ತಿರುವ ಅವರ ಮೂಗಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಶೇಂಗಾ ಚೀಲದ ಬಾಯಿ ಬಿಚ್ಚುವ ಮೊದಲೇ ಅದು ಯಾವ ಊರಿನ ಹೊಲದ್ದು, ಕಿತ್ತ ದಿನ ಆ ಮನೆಯಲ್ಲಿ ಏನು ಪಲ್ಯ ಮಾಡಿದ್ದರು ಎಂಬುದನ್ನೂ ಅವರು ಹೇಳುತ್ತಿದ್ದರೆಂದು ಹಮಾಲರು ಇಂದಿಗೂ ಆಣೆ ಮಾಡುತ್ತಾರೆ. ಆದರೆ ಆ ಮೂಗನ್ನು ನಂಬದವರು ಊರಿಗೆಲ್ಲ ಒಬ್ಬರೇ, ಅವರು ಯಮನೂರಪ್ಪನವರು.

ಅರಕೇರಾದ ಕುರಿಗಾರ ಮನೆತನದಲ್ಲಿ ಹುಟ್ಟಿದ ಅವರು ೧೯೭೧ರಲ್ಲಿ ದೇವದುರ್ಗದ ಶಾಖೆಗೆ ಸೇರಿದರು. ಬಂದ ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು, ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಕಪಾಟಿನಲ್ಲಿಡುವುದು ಅವರ ಕೆಲಸ. ಮುಂದೆ ಜಗಳ ಬಂದರೆ ಇಬ್ಬರ ಎದುರಿಗೂ ಆ ಗಂಟು ಬಿಚ್ಚಬೇಕು. ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿ, ವಾರ ಬಿಟ್ಟು ಎಷ್ಟು ಮೊಳೆತವೆಂದು ನೋಡಬೇಕು.

೧೯೭೮ರಲ್ಲಿ ಮಾನ್ವಿಗೆ ವರ್ಗವಾಯಿತು. ಅಲ್ಲಿ ಹೊಸದಾಗಿ ಬಂದಿದ್ದ ಬೀಜದ ಇನ್ಸ್‌ಪೆಕ್ಟರರು ಹುಲಗೆಮ್ಮ ಎಂಬ ರೈತ ಮಹಿಳೆಯ ನಲವತ್ತು ಚೀಲಗಳ ಮೇಲೆ ಹಳದಿ ಪುಡಿ ಕಂಡು, ಬೂಷ್ಟು ಹಿಡಿದಿದೆಯೆಂದು ಗೋದಾಮಿಗೆ ಬೀಗ ಜಡಿದರು.

"ಬೂಷ್ಟಲ್ರೀ ಸಾಹೇಬ್ರ, ದೇವರ ಭಂಡಾರ," ಎಂದಳು ಹುಲಗೆಮ್ಮ. "ಮನಿ ಬಿಟ್ಟು ಹೊಂಟ ಮಗಳಿಗೆ ನೀವು ಅರಿಷಿಣ ಹಚ್ಚೂದಿಲ್ಲೇನ್ರಿ?"

ದೇವದುರ್ಗದಲ್ಲಿದ್ದಾಗಿನಿಂದಲೂ ಅವಳ ಬೀಜ ಬಲ್ಲ ಯಮನೂರಪ್ಪನವರು ಅವಳ ಪರ ಒಂದು ಮಾತೂ ಆಡಲಿಲ್ಲ. ಇನ್ಸ್‌ಪೆಕ್ಟರರ ಎದುರಿಗೇ ನೂರು ಕಾಳು ಗೋಣಿಗೆ ಹಾಕಿದರು. ವಾರಕ್ಕೆ ತೊಂಬತ್ತೆರಡು ಮೊಳೆತವು. ಬೀಗ ಹಾಕಿದವರೇ ಬೀಗ ತೆಗೆದರು.

ಮುಂದೆ ರಾಯಚೂರಿನ ಮುಖ್ಯ ಕಚೇರಿಗೆ ಬಂದ ಅವರು, ೧೯೮೭ರಲ್ಲಿ ಕಂಪ್ಯೂಟರು ಎಂಬುದನ್ನು ಮೊದಲ ಸಲ ಕಂಡರು. ಟೈಪಿಸ್ಟರಾಗಿದ್ದ ಶಹಜಾದಿ ಬೇಗಂ ಅವರು ತಾವಾಗಿಯೇ ಪುಸ್ತಕ ಓದಿ, ಬೀಜದ ಚೀಟಿ ಅಚ್ಚು ಹಾಕುವ ಪ್ರೋಗ್ರಾಮು ಬರೆದರು. ಅದರ ನಮೂನೆಯೂ ಇರಲೆಂದು ಯಮನೂರಪ್ಪನವರು ಒಂದು ಫ್ಲಾಪಿ ಕೇಳಿ ಪಡೆದು, ಪದ್ಧತಿಯಂತೆ ಅದರ ಮೇಲೆಯೇ ಕಾದ ಅರಗು ಸುರಿದರು. ಅದು ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಳಿ ಸುತ್ತಿ, ಮೇಜಿನ ಮೇಲೆ ಎದ್ದು ಕುಳಿತಿತಂತೆ. ಶಹಜಾದಿ ನಗು ತಡೆದುಕೊಂಡು ಇನ್ನೊಂದು ಕೊಟ್ಟರು. ಅದನ್ನು ಬಟ್ಟೆಯಲ್ಲಿ ಸುತ್ತಿ, ಗಂಟಿಗೆ ಮಾತ್ರ ಮುದ್ರೆ ಬಿತ್ತು.

ಈ ವರ್ಷದ ಜೂನ್ ತಿಂಗಳು, ಬಿತ್ತನೆ ಬೀಜ ಹೊರಡುವ ಹೊತ್ತು. ಹೈದರಾಬಾದಿನಿಂದ ಕಂಪ್ಯೂಟರು ದುರಸ್ತಿಗೆ ಬರುತ್ತಿದ್ದ ಅಯ್ಯಣ್ಣನವರು ವೈರಸ್ ಹಿಡಿಯುವ ಹೊಸ ಫ್ಲಾಪಿಯೊಂದನ್ನು ತಂದು ಹಾಕಿದರು. ಅದು ಪಿಳಿಪಿಳಿ ನೋಡಿ, ಎಲ್ಲ ಬಿಟ್ಟು ಶಹಜಾದಿಯವರ ಪ್ರೋಗ್ರಾಮನ್ನೇ ವೈರಸ್ಸೆಂದು ಹಿಡಿಯಿತು.

"ಅಳಿಸಿ ಹಾಕೂದೇ," ಎಂದರು ಅಯ್ಯಣ್ಣ.

ಅಧ್ಯಕ್ಷ ಕನಕರಾಯರು ಶಹಜಾದಿಯವರ ಕಡೆ ತಿರುಗಿ, "ರೋಗ ತಂದು ಸಂಘಕ್ಕ ಹಚ್ಚೀಯೇನವ್ವಾ? ನಾಳಿಂದ ಬರಬ್ಯಾಡ," ಎಂದರು.

ಶಹಜಾದಿಯವರ ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಯಮನೂರಪ್ಪನವರಿಗೆ, ಈ ಹುಡುಗಿ ಅಂಥವಳಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಅದು ಮೂಗಿನ ಮಾತೆಂದು ನುಂಗಿಕೊಂಡು, ಕಪಾಟಿನಿಂದ ಫ್ಲಾಪಿಯ ಗಂಟು ತಂದು ಎಲ್ಲರೆದುರು ಮುದ್ರೆ ಒಡೆದರು. ಕಂಪ್ಯೂಟರಿನದು, ಗಂಟಿನದು, ಎರಡೂ ಪ್ರೋಗ್ರಾಮು ಅಕ್ಷರಕ್ಕೆ ಅಕ್ಷರ ಒಂದೇ ಇದ್ದವು. ಆದರೆ ಅಯ್ಯಣ್ಣನವರ ಫ್ಲಾಪಿ ಈ ಹಳೆಯದನ್ನೂ ಹಿಡಿಯಿತು.

"ನೋಡ್ರಿ, ಹುಟ್ಟಿನಿಂದಲೇ ಅದ," ಎಂದರು ಅಯ್ಯಣ್ಣ.

ಉಳಿಸಲು ಹೋದ ಕೈಯೇ ಮುಳುಗಿಸಿದಂತಾಯಿತು. ಆದರೂ ಶಹಜಾದಿ ಮೆಲ್ಲಗೆ ಹೇಳಿದರು: "ಕಾಕಾ, ಕೆಂಪು ರುಮಾಲಿನ ಕಳ್ಳನ್ನ ಹಿಡೀರಿ ಅಂದ್ರ ಪೊಲೀಸರು ಕೆಂಪು ರುಮಾಲಿನವರನ್ನೆಲ್ಲ ಹಿಡಿದಂಗ ಆಗ್ಯದ ಇದು. ನನ್ನ ಪ್ರೋಗ್ರಾಮಿನಾಗ ಡಿಸ್ಕಿಗೆ ನೇರ ಬರಿಯೋ ನಾಕು ಸಾಲು ಅದಾವ. ವೈರಸ್ಸಿನಾಗೂ ಅಂಥವೇ ಇರ್ತಾವ."

ಯಮನೂರಪ್ಪನವರು, "ಅಯ್ಯಣ್ಣಾರ, ಈ ವೈರಸ್ಸಿನ ಗುಣ ಏನ್ರಿ?" ಎಂದು ಕೇಳಿದರು.

"ಬೆಳೀತದ. ಬಾಜೂದವಕ್ಕ ಹಬ್ತದ."

"ಹಂಗಾರ ಮೊಳಿಕಿ ನೋಡೂಣು."

ಕನಕರಾಯರು, "ಗೋಣಿಯಾಗ ಸುತ್ತಿ ನೀರು ಹೊಡೀತೀಯೇನಪಾ?" ಎಂದು ನಕ್ಕರು. ಯಮನೂರಪ್ಪನವರು ನಗಲಿಲ್ಲ. ಹಬ್ಬಿದರೂ ತಾಗದಂತೆ ಒಳಗಿನ ಡಿಸ್ಕಿನ ತಂತಿ ಬಿಚ್ಚಿಸಿ, ಅನುಮಾನದ ಫ್ಲಾಪಿಯ ಪಕ್ಕ ಅಯ್ಯಣ್ಣನವರೇ ತಂದ ಶುದ್ಧ ಫ್ಲಾಪಿ ಹಾಕಿಸಿ, ಅದರಲ್ಲಿದ್ದ ಒಂದೊಂದು ಫೈಲಿನ ಅಳತೆಯನ್ನೂ ಕಾಗದದ ಮೇಲೆ ಬರೆಸಿದರು. ಮೂರು ದಿನ ಪ್ರೋಗ್ರಾಮು ಓಡಿಸಿದರು. ಕೆಲವು ಹುಳ ಹಂಗಾಮು ಬರುವ ತನಕ ಮಲಗಿರುತ್ತವೆಂದು, ಕಂಪ್ಯೂಟರಿನ ತಾರೀಖನ್ನು ಮುಂಗಾರಿಗೆ, ಹಿಂಗಾರಿಗೆ, ಮುಂದಿನ ವರ್ಷಕ್ಕೆ ತಿರುಗಿಸಿ ನೋಡಿದರು. ಆ ಮೂರು ದಿನವೂ ಚೀಟಿಗಳನ್ನು ಶಹಜಾದಿಯವರೇ ಕೈಯಿಂದ ಬರೆದರು. ಬೀಜದ ಲಾರಿ ನಿಲ್ಲಲಿಲ್ಲ.

ನಾಲ್ಕನೆಯ ದಿನ ಅಯ್ಯಣ್ಣನವರೇ ಅಳತೆ ನೋಡಿದರು. ಒಂದು ಅಕ್ಷರವೂ ಬೆಳೆದಿರಲಿಲ್ಲ.

"ಏನೂ ಹಬ್ಬಿಲ್ರೀ. ನಮ್ಮ ಫ್ಲಾಪಿದೇ ತಪ್ಪು," ಎಂದು ಅವರು ಒಪ್ಪಿ, ಅದನ್ನು ಮಾಡಿದವರಿಗೆ ಕಾಗದ ಬರೆದರು. ಶಹಜಾದಿಯವರ ಪ್ರೋಗ್ರಾಮನ್ನು ಹಿಡಿಯದೆ ಬಿಡಬೇಕಾದವುಗಳ ಪಟ್ಟಿಗೆ ಸೇರಿಸಲಾಯಿತು. "ಇದೊಂದಕ್ಕೇ ಮಾಫಿ. ನಾಳೆ ಒಂದು ಸಾಲು ಬದಲಾದ್ರೂ ಮತ್ತ ಗೋಣಿಗೇ," ಎಂದು ಯಮನೂರಪ್ಪನವರು ಷರತ್ತು ಹಾಕಿದರು. ಕನಕರಾಯರು ಶಹಜಾದಿಯವರ ಮೇಜಿನ ತನಕ ತಾವೇ ನಡೆದುಹೋಗಿ, "ಕೆಲಸ ನೋಡವ್ವಾ," ಎಂದರು. ಅಧ್ಯಕ್ಷರು ಅಷ್ಟು ದೂರ ನಡೆದದ್ದನ್ನು ಸಂಘದಲ್ಲಿ ಯಾರೂ ಕಂಡಿರಲಿಲ್ಲ.

ಸಂಜೆ ಶಹಜಾದಿ ಕಣ್ಣೊರೆಸಿಕೊಳ್ಳುತ್ತ, "ನೀವು ನನ್ನ ನಂಬಿದ್ರಿ, ಕಾಕಾ," ಎಂದರು.

"ಇಲ್ಲ ಬಿಡವ್ವಾ. ಮೊಳಿಕಿ ಬಂದಿದ್ರ ವೈರಸ್ ಅಂತ ನಾನೇ ಬರೆದು ಕೊಡ್ತಿದ್ದೆ."

ಶಹಜಾದಿಯವರು ಇದನ್ನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕನಿಕರದಿಂದ ಉಳಿದ ಕೆಲಸವಾಗಿದ್ದರೆ ದಿನವೂ ತಲೆ ತಗ್ಗಿಸಿ ಬರಬೇಕಿತ್ತು, ಈಗ ಹಾಗಿಲ್ಲ ಎನ್ನುತ್ತಾರೆ. ಯಮನೂರಪ್ಪನವರು ನೂರು ವರ್ಷ ಗಟ್ಟಿಯಾಗಿರಲಿ, ಅವರ ಕಣ್ಣು ಮಂಜಾಗದಿರಲಿ ಎಂದು ಸಂಘದ ನಾವೆಲ್ಲರೂ ಹಾರೈಸುತ್ತೇವೆ. ಅವರ ಕೆಲಸ ಮುಂದುವರಿಯಲೆಂದು ನಾವು ಬೇರೆ ಬಯಸಬೇಕಾಗಿಲ್ಲ. ಹೋದ ವಾರವೇ ಶಹಜಾದಿ ಬೇಗಂ ಹೊಸ ಪ್ರೋಗ್ರಾಮು ಬರೆದು, ಯಾರೂ ಕೇಳದಿದ್ದರೂ ಅದರ ಫ್ಲಾಪಿ ಹಿಡಿದು ಅವರ ಮನೆಗೆ ಹೋಗಿದ್ದಾರೆ.

"ಕಾಕಾ," ಎಂದರಂತೆ, "ಇದನ್ನ ಮೊದಲು ನೀವು ಅನುಮಾನಪಡ್ರಿ."