ರುಫಿನೊನ ಗುರುತು ಇದ್ದ ಹಲಗೆ

ಬ್ಯೂನಸ್ ಐರಿಸ್‌ನ ರಾಷ್ಟ್ರೀಯ ಗ್ರಂಥಾಲಯ ಕಟ್ಟುವಾಗ ಎಲಾದಿಯೊ ಸೊತೇಲೊ ಅಲ್ಲಿ ಎರಡು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದ್ದ. ಆಮೇಲೆ ಐವತ್ತು ವರ್ಷ ಆ ಕಡೆ ತಲೆ ಹಾಕಲಿಲ್ಲ. ಬಸ್ಸು ಆ ರಸ್ತೆಯಲ್ಲಿ ಹೋದರೆ ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿ ಕೂರುತ್ತಿದ್ದ. ಕಳೆದ ಮೇ ತಿಂಗಳಲ್ಲಿ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಕರೆದವಳು ನಿಲ್ಡಾ, ಶಾಲೆಯೊಂದರಲ್ಲಿ ಅಡುಗೆಯವಳು, ಹಳೆಯ ಜೊತೆಗಾರ ರುಫಿನೊ ಅಯಾಲನ ಮಗಳು. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತವನು ಎಲಾದಿಯೊ. ಹಾಗಾಗಿ ಅವನು ಅವಳಿಗೆ ಹುಟ್ಟಿದಾಗಿನಿಂದ ಪದ್ರಿನೊ, ಧರ್ಮಪಿತ.

"ಅಮ್ಮ ಹೋಗಿ ವರ್ಷ ಆಯ್ತು," ಎಂದಿದ್ದಳು ಫೋನಿನಲ್ಲಿ. "ಸಾಯೋವರೆಗೂ ಅದೇ ಮಾತು. ನಿಮ್ಮಪ್ಪ ಆ ಲೈಬ್ರರಿ ಕಂಬ ಕೆಡಿಸಿ ನಮ್ಮ ಬಾಳೂ ಕೆಡಿಸ್ದ ಅಂತ. ಅಪ್ಪ ನಂದಲ್ಲ, ನಂದಲ್ಲ ಅಂತಾನೇ ಹೋದ್ರು. ನಾನು ಒಂದ್ಸಲ ಕಣ್ಣಾರೆ ನೋಡ್ಬೇಕು ಪದ್ರಿನೊ. ತೋರಿಸೋಕೆ ನೀವೊಬ್ರೇ ಉಳಿದಿರೋದು."

ಸೆಂಟ್ರಿಂಗ್‌ನವರ ಕೆಲಸ ಕೊನೆಗೆ ಉಳಿಯುವುದಿಲ್ಲ. ಹಲಗೆ ಹೊಡೆದು ಅಚ್ಚು ಮಾಡುತ್ತಾರೆ, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚಿ ಒಯ್ಯುತ್ತಾರೆ. ಒಳ್ಳೆಯ ಹಲಗೆಗೆ ಯಾವಾಗಲೂ ಕಿತ್ತಾಟ ಇದ್ದುದರಿಂದ ಪ್ರತಿಯೊಬ್ಬನೂ ತನ್ನ ರಾಶಿಗೆ ನೀಲಿ ಬಳಪದಲ್ಲಿ ಗುರುತು ಹಾಕುತ್ತಿದ್ದ. ರುಫಿನೊನದು ಒಂದು ಸೊನ್ನೆ, ಅದರ ಕೆಳಗೆ ಎರಡು ಗೀಟು. ಜೊತೆಯವರು ಅದನ್ನು ರುಫಿನೊನ ಕೋಳಿ ಎಂದು ಹಾಸ್ಯ ಮಾಡುತ್ತಿದ್ದರು. ಗುರುತು ಇರುವ ಮಗ್ಗುಲು ಹೊರಗೇ ಇರಬೇಕು. ಒಳಗಾದರೆ ಬಳಪ ಕಾಂಕ್ರೀಟಿಗೆ ಹತ್ತಿ ಅಲ್ಲೇ ಉಳಿದುಬಿಡುತ್ತದೆ.

ಸಾವಿರದ ಒಂಬೈನೂರ ಎಪ್ಪತ್ತಮೂರರ ಒಂದು ಶನಿವಾರ ಮಧ್ಯಾಹ್ನ ಎಲಾದಿಯೊನ ಕಂಬಕ್ಕೆ ಒಂದು ಹಲಗೆ ಕಡಿಮೆ ಬಿತ್ತು. ಅವನಿಗೆ ಇಪ್ಪತ್ತನಾಲ್ಕು. ಸಂಜೆ ಕುಣಿತಕ್ಕೆ ಒಬ್ಬಳು ಬರುತ್ತೇನೆ ಎಂದಿದ್ದಳು. ರುಫಿನೊ ಆಗಲೇ ಹೊರಟುಹೋಗಿದ್ದ. ಅವನ ರಾಶಿಯಿಂದ ಒಂದು ಹಲಗೆ ಎಳೆದು, ತಿರುಗಿಸಿಯೂ ನೋಡದೆ ಎಲಾದಿಯೊ ಮೊಳೆ ಹೊಡೆದ. ಬುಡದ ಸಂದಿಗೆ ಸಿಮೆಂಟ್ ಚೀಲದ ಕಾಗದ ನೆನೆಸಿ ತುರುಕಬೇಕಿತ್ತು. ಅದನ್ನೂ ಬಿಟ್ಟ.

ಸೋಮವಾರ ಕಾಂಕ್ರೀಟು ಬಿತ್ತು. ಗುರುವಾರ ಹಲಗೆ ಬಿಚ್ಚಿದರೆ, ಸಿಮೆಂಟಿನ ಹಾಲೆಲ್ಲ ಸಂದಿಯಿಂದ ಸೋರಿಹೋಗಿ ಕಂಬದ ಬುಡ ಬರೀ ಜಲ್ಲಿ, ಬರೀ ತೂತು. ಅದರ ಮೇಲೆ, ಎದೆಯ ಮಟ್ಟದಲ್ಲಿ, ನೀಲಿ ಕೋಳಿ.

"ಏನಪ್ಪಾ ರುಫಿನೊ," ಎಂದ ಮೇಸ್ತ್ರಿ. "ನಿನ್ನ ಕೋಳಿ ಇಲ್ಲಿ ಗೂಡು ಕಟ್ಕೊಂಡಿದೆ."

"ಇದು ನಾನು ಹೊಡೆದಿದ್ದಲ್ಲ. ಗುರುತು ಒಳಗೆ ಮಾಡಿ ನಾನು ಯಾವತ್ತಾದ್ರೂ ಹಲಗೆ ಹೊಡ್ದಿದೀನಾ?"

"ಹಂಗಾದ್ರೆ ಕೋಳಿ ತಾನೇ ಹಾರಿ ಬಂತಾ?"

ಸುತ್ತ ನಿಂತವರು ನಕ್ಕರು. ಮೂರು ಹೆಜ್ಜೆ ಆಚೆ ಕೈಯಲ್ಲಿ ಹಾರೆ ಹಿಡಿದಿದ್ದ ಎಲಾದಿಯೊನೂ ನಕ್ಕ.

ಅಂದೇ ರುಫಿನೊನನ್ನು ಕೆಲಸದಿಂದ ತೆಗೆದರು. ಮೇಸ್ತ್ರಿಗಳು ಒಬ್ಬರಿಗೊಬ್ಬರು ಗೊತ್ತಿದ್ದವರು, ಅವನಿಗೆ ಮತ್ತೆ ಎಲ್ಲೂ ಸೆಂಟ್ರಿಂಗ್ ಕೆಲಸ ಸಿಗಲಿಲ್ಲ. ಕಸಾಯಿಖಾನೆಯಲ್ಲಿ ಹೆಣದಂಥ ಭಾರ ಹೊತ್ತು ಹೊತ್ತು ಹೆಗಲು ಬಿದ್ದುಹೋಯಿತು. ಎಲಾದಿಯೊ ಭಾನುವಾರ ಭಾನುವಾರ ಅವನ ಮನೆಗೆ ಮಾಂಸ ಕಟ್ಟಿಸಿಕೊಂಡು ಹೋಗತೊಡಗಿದ. ನಿಲ್ಡಾ ಹುಟ್ಟಿದಾಗ ರುಫಿನೊ ಅವನ ಕೈ ಹಿಡಿದು, "ಅಷ್ಟು ಜನರಲ್ಲಿ ನನ್ನ ಬಾಗಿಲಿಗೆ ಬಂದೋನು ನೀನೊಬ್ನೇ. ಮಗುವನ್ನ ನೀನೇ ಎತ್ಕೋಬೇಕು," ಎಂದ. ಎಲಾದಿಯೊ ಎತ್ತಿಕೊಂಡ.

ಈಗ ಎಪ್ಪತ್ತೈದರ ಮೊಣಕಾಲಿನಲ್ಲಿ ಅವನು ಗ್ರಂಥಾಲಯದ ಇಳಿಜಾರು ಹತ್ತಿದ. ನಾಲ್ಕು ದೈತ್ಯ ಕಾಲುಗಳ ಮೇಲೆ ಕಾಂಕ್ರೀಟಿನ ತಲೆ ಹೊತ್ತು ಕಟ್ಟಡ ನಿಂತಿತ್ತು. ನಿಲ್ಡಾ ಮುಂಜಾನೆ ಎದ್ದು ಅವನಿಗೆಂದು ಚಿಪಾ ರೊಟ್ಟಿ ಬೇಯಿಸಿ, ಚೀಲಕ್ಕೆ ಹಾಕಿ ತೋಳಿಗೆ ಸಿಕ್ಕಿಸಿಕೊಂಡಿದ್ದಳು.

ನೋಡಲು ಬಂದವರು ಎಂಟು ಜನ. ಗೈಡ್ ಹುಡುಗಿ ಎಲ್ಲರ ಹೆಸರು ಕೇಳಿಕೊಂಡಳು. "ದೋನ್ ಎಲಾದಿಯೊ, ಮೆಟ್ಟಿಲು ಹುಷಾರು," ಎಂದು, ಅಪರಿಚಿತ ಮುದುಕರಿಗೆ ಮರ್ಯಾದೆಗೆ ಹೇಳುವ 'ದೋನ್' ಸೇರಿಸಿ ಕರೆದಳು. ಪುಸ್ತಕಗಳೆಲ್ಲ ನೆಲದಡಿಯಲ್ಲಿವೆ, ಓದುವವರು ಮೇಲೆ, ಬೆಳಕಿನಲ್ಲಿ ಎಂದು ವಿವರಿಸಿದಳು. ಆಮೇಲೆ, ಎಲಾದಿಯೊ ತೋರಿಸುವ ಮೊದಲೇ, ತಾನಾಗಿ ಆ ಕಂಬದ ಮುಂದೆ ನಿಂತಳು.

"ಇಲ್ಲಿ ಗಿಲಾವು ಇಲ್ಲ, ಬಣ್ಣ ಇಲ್ಲ. ಹಲಗೆಯ ಗೆರೆ ನೋಡಿ. ಈ ಬುಡ ನೋಡಿ, ಜಲ್ಲಿ ಹೇಗೆ ಎದ್ದು ಕಾಣ್ತಿದೆ. ಮೇಲೆ ಯಾರೋ ಕೆಲಸಗಾರನ ಗುರುತು. ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ನನಗೆ ಇಡೀ ಕಟ್ಟಡದಲ್ಲಿ ಇದೇ ಇಷ್ಟ."

ಒಬ್ಬರು ಫೋಟೊ ತೆಗೆದರು. ನಿಲ್ಡಾ ಮುಂದೆ ಹೋಗಿ ಮಾಸಿದ ನೀಲಿಯ ಮೇಲೆ ಬೆರಳಿಟ್ಟಳು.

"ದಯವಿಟ್ಟು ಮುಟ್ಟಬೇಡಿ," ಎಂದಳು ಗೈಡ್. "ಜೋಪಾನ ಮಾಡ್ತಿದ್ದೀವಿ."

ಗುಂಪು ಮುಂದೆ ಹೋಯಿತು. ನಿಲ್ಡಾ ಅಲ್ಲೇ ನಿಂತಳು.

"ಇದೇನಾ ಪದ್ರಿನೊ? ಇಷ್ಟಕ್ಕೇನಾ ತೆಗೆದುಹಾಕಿದ್ದು?"

"ಇದೇ."

"ನಮ್ಮನೇಲಿ ಅಪ್ಪನ ಸುತ್ತಿಗೆ ಹಿಡಿ ಮೇಲೂ ಇದೇ ಕೋಳಿ ಇದೆ." ಅವಳ ದನಿ ಇಳಿಯಿತು. "ಅಮ್ಮನೇ ಸರಿ ಹಂಗಾದ್ರೆ. ಅಪ್ಪ ಸಾಯೋವಾಗ್ಲೂ ಸುಳ್ಳು ಹೇಳಿದ್ರು. ನಾನು ನಂಬಿದ್ದೆ."

ಎಲಾದಿಯೊಗೆ ಸುಮ್ಮನಿರುವುದು ಗೊತ್ತಿತ್ತು, ಐವತ್ತು ವರ್ಷದ ರೂಢಿ. ಅವಳು ಕಣ್ಣೊರೆಸಿಕೊಂಡು ಗುಂಪಿನ ಹಿಂದೆ ನಾಲ್ಕು ಹೆಜ್ಜೆ ಹಾಕಿದಳು.

"ನಿಲ್ಡಾ, ನಿಂತ್ಕೊ. ನಿಮ್ಮಪ್ಪ ಗುರುತು ಒಳಗೆ ಮಾಡಿ ಹೊಡೀತಿರ್ಲಿಲ್ಲ. ಹಲಗೆ ಅವನದು. ಹೊಡೆದೋನು ನಾನು."

ಅವಳು ತಿರುಗಿ ಬಂದಳು. ಅವನು ಕುಣಿತದ ವಿಷಯ, ಕಾಗದದ ವಿಷಯ, ಹಾರೆ ಹಿಡಿದು ನಿಂತಿದ್ದ ವಿಷಯ ಎಲ್ಲ ಹೇಳಿದ. ನಕ್ಕಿದ್ದನ್ನೂ ಹೇಳಿದ.

"ಆ ಭಾನುವಾರದ ಮಾಂಸ ಇದಕ್ಕೇನಾ?" ಎಂದು ಕೇಳಿದಳು.

ಅವನು ಕಂಬದ ಕಡೆ ತಿರುಗಿದ.

"ಅಮ್ಮ ನಿಮ್ಮನ್ನ ತೋರಿಸಿ ಅಪ್ಪನಿಗೆ ಹೇಳೋಳು, ನೋಡು, ಗಂಡಸು ಅಂದ್ರೆ ಎಲಾದಿಯೊ ಥರ ಇರ್ಬೇಕು ಅಂತ. ಅಪ್ಪ ತಲೆ ತಗ್ಗಿಸ್ಕೊಂಡು ನೀವು ತಂದಿದ್ದನ್ನ ಉಣ್ಣೋರು. ಹೋದ ವರ್ಷ ಹೇಳಿದ್ದಿದ್ರೂ ಅಮ್ಮ ಸಾಯೋ ಮುಂಚೆ ಕೇಳಿಸ್ಕೊಂಡಿರೋಳು. ಇನ್ನು ನಾನು ಯಾರಿಗೆ ಹೇಳ್ಲಿ ಇದನ್ನ? ಈ ಕಂಬಕ್ಕಾ?"

ಮಿಕ್ಕಿದ್ದನ್ನು ನೋಡದೆ ಇಬ್ಬರೂ ಕೆಳಗಿಳಿದರು. ಬಸ್ ನಿಲ್ದಾಣದವರೆಗೆ ಅವಳು ಅವನ ಮುದಿ ನಡಿಗೆಗೆ ಹೊಂದಿಕೊಂಡೇ ಬಂದಳು, ರಸ್ತೆ ದಾಟುವಾಗ ಮೊಣಕೈಯನ್ನೂ ಹಿಡಿದಳು. ಚಿಪಾ ಚೀಲ ಅವಳ ತೋಳಲ್ಲೇ ಇತ್ತು. ಅದನ್ನು ಅವಳು ತೆಗೆಯಲಿಲ್ಲ, ಅವನು ಕೇಳಲಿಲ್ಲ.

"ನಿಮ್ಮ ಬಸ್ಸು ಬಂತು," ಎಂದಳು ಅವಳು, "ದೋನ್ ಎಲಾದಿಯೊ."