ಶನಿವಾರದ ಗುಳಿಗೆ

“ಗುಳಿಗಿ ಖರೇನ ದಿನಾ ನುಂಗಾಕತ್ತೀರೇನು?”

ರಿಪೋರ್ಟಿನಿಂದ ತಲೆಯೆತ್ತಿ ಹಾವೇರಿಯ ಡಾಕ್ಟರು ಕೇಳಿದರು. ಹತೋಟಿಗೆ ಬಂದಿದ್ದ ರಕ್ತದ ಕ್ಯಾನ್ಸರ್ ಮತ್ತೆ ಏರಿತ್ತು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ ನನ್ನ ಗಂಡ, ಔಷಧದಿಂದ ಊದಿಕೊಂಡ ಕಣ್ಣು ಅರಳಿಸಿ ಹೇಳಿದರು: “ಶನಿವಾರ ಅಷ್ಟ ಬಿಡತೇನ್ರಿ. ಖಾಲಿ ಹೊಟ್ಟಿಲೆ ವಾಂತಿ ಆಗ್ತೈತಿ, ಊಟ ಆದಮ್ಯಾಲ ತಗೋರಿ ಅಂದಿದ್ರಲ್ರಿ. ಗುಳಿಗಿ ಗುಣಾ ಕೊಡ್ಲಿ ಅಂತ ಕದರಮಂಡಲಗಿ ಹನುಮಪ್ಪಗ ಹರಕಿ ಹೊತ್ತೇನ್ರಿ. ಒಂದ ಶನಿವಾರನೂ ಉಪಾಸ ತಪ್ಪಿಸಿಲ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ವಾರ ವಾರ ಒಂದು ದಿನ ಬಿಟ್ಟಿದ್ದರಿಂದ ರೋಗ ಗುಳಿಗೆಗೆ ಜಗ್ಗದಂತಾಗಿದೆ, ಆ ಗುಳಿಗೆ ಇನ್ನು ನಾಟುವುದಿಲ್ಲ ಎಂದರು.

ಈಗ ಶನಿವಾರವೂ ಬಿಸಿ ರೊಟ್ಟಿ ಮಾಡಿ ಬಡಿಸುತ್ತೇನೆ. ಅವರು ಉಪವಾಸ ಬಿಟ್ಟಿದ್ದಾರೆ. ರೋಗ ಏರಿದ್ದರಿಂದ ಎರಡು ತುತ್ತು ಮಾತ್ರ ಅವರಿಗೆ ಸೇರುತ್ತಿಲ್ಲ.